ದತ್ತಸಂಚಯ ಭಾಷೆಗಳ ಅಂತರ್ನಿರ್ಮಿತ ಫಂಕ್ಷನ್ನುಗಳು: ಒಂದು ಚಾರಿತ್ರಿಕ ವಿವೇಚನೆ

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಯಂತ್ರಗಳ ಬೆಳವಣಿಗೆಯನ್ನೂ, ಅವುಗಳಿಗೆ ಆಜ್ಞೆ ಕೊಡುವ ಭಾಷೆಗಳ ವಂಶಾವಳಿಯನ್ನೂ ಸಾಕಷ್ಟು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೆ ಆ ಭಾಷೆಗಳ ಒಳಗೆ ಅವುಗಳ ಕರ್ತೃಗಳೇ ಮೊದಲಿನಿಂದ ಸಿದ್ಧಮಾಡಿಟ್ಟ ಸಣ್ಣ ಸಣ್ಣ ಸಾಧನಗಳ ಕಡೆಗೆ, ಎಂದರೆ ಮೊತ್ತ ಹಾಕುವ, ಸರಾಸರಿ ತೆಗೆಯುವ, ಪದದ ಉದ್ದವನ್ನು ಅಳೆಯುವ, ಎರಡು ದಿನಾಂಕಗಳ ಅಂತರವನ್ನು ಹೇಳುವ ಸಾಧನಗಳ ಕಡೆಗೆ, ಅವರ ಗಮನ ಹೆಚ್ಚಾಗಿ ಹರಿದಂತೆ ಕಾಣುವುದಿಲ್ಲ. ಕೈಪಿಡಿಗಳ ಕೊನೆಯಲ್ಲಿ ಅಕಾರಾದಿಯಾಗಿ ಅಚ್ಚಾಗುವ ಪಟ್ಟಿಯೇ ಅವುಗಳ ಸ್ಥಾನ. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ; ಅಧ್ಯಾಪಕರು ಒಂದು ಗಂಟೆಯ ಪಾಠದಲ್ಲಿ ಅದನ್ನು ಮುಗಿಸುತ್ತಾರೆ. ದತ್ತಸಂಚಯಗಳ, ಅಂದರೆ ವಾಡಿಕೆಯಲ್ಲಿ ಡೇಟಾಬೇಸ್ ಎನ್ನಿಸಿಕೊಂಡಿರುವ ದಾಖಲೆ ಭಂಡಾರಗಳ, ಭಾಷೆಗಳೊಳಗೆ ಈ ಸಾಧನಗಳು ಹೇಗೆ ಬಂದುವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಇವುಗಳಲ್ಲಿ ಒಂದೊಂದರ ಹಿಂದೆಯೂ, ಯಾವುದನ್ನು ಎಣಿಸಬೇಕು ಯಾವುದನ್ನು ಬಿಡಬೇಕು ಎಂಬ ಬಗ್ಗೆ ಯಾರೋ ಎಂದೋ ಕೊಟ್ಟ ಒಂದು ತೀರ್ಪಿದೆ. ಲೆಕ್ಕದ ಉತ್ತರ ಮಾತ್ರ ನಮ್ಮ ಕೈಗೆ ಬರುತ್ತದೆ; ತೀರ್ಪು ಕಣ್ಣಿಗೆ ಬೀಳುವುದಿಲ್ಲ. ಆ ತೀರ್ಪುಗಳನ್ನು ಬೆಳಕಿಗೆ ತರುವುದೇ ಇಲ್ಲಿಯ ಪ್ರಯತ್ನ.

ಮೊದಲು ಪರಿಭಾಷೆಯ ವಿಚಾರ ಒಂದು ಮಾತು. ಫಂಕ್ಷನ್ ಎಂಬುದಕ್ಕೆ ಕನ್ನಡದ ಗಣಿತ ಪುಸ್ತಕಗಳಲ್ಲಿ ‘ಉತ್ಪನ್ನ’ ಎಂದು ಬಳಸಿದ್ದುಂಟು, ‘ಫಲನ’ವೆಂದವರೂ ಉಂಟು. ‘ಉತ್ಪನ್ನ’ವೆಂದೊಡನೆ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಕಾರ್ಖಾನೆಯ ಸರಕು ನೆನಪಾಗುತ್ತದೆ, ‘ಫಲನ’ ಎಂಬುದು ಇನ್ನೂ ನಾಲಗೆಗೆ ಒಗ್ಗಿಲ್ಲ. ಆದುದರಿಂದ ತರಗತಿಗಳಲ್ಲಿ ಎಲ್ಲರೂ ಆಡುವ ‘ಫಂಕ್ಷನ್’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇವೆ. ಒಂದು ಅಥವಾ ಹೆಚ್ಚು ಬೆಲೆಗಳನ್ನು ಕೊಟ್ಟರೆ ಒಂದು ಬೆಲೆಯನ್ನು ಹಿಂದಕ್ಕೆ ಕೊಡತಕ್ಕದ್ದು ಫಂಕ್ಷನ್. ಅದನ್ನು ಬಳಸುವವನು ಬರೆಯದೆ, ಭಾಷೆಯೊಡನೆಯೇ ಬಂದಿದ್ದರೆ ಅದು ಅಂತರ್ನಿರ್ಮಿತ.

ಈ ಕಲ್ಪನೆ ದತ್ತಸಂಚಯ ಭಾಷೆಗಳಿಗಿಂತ ಹಳೆಯದು. ಐಬಿಎಂ ಸಂಸ್ಥೆಯವರು 1956ರಲ್ಲಿ ಪ್ರಕಟಿಸಿದ ಫೋರ್‌ಟ್ರಾನ್ ಕೈಪಿಡಿಯಲ್ಲಿಯೇ ಅಂತರ್ನಿರ್ಮಿತ ಫಂಕ್ಷನ್ನುಗಳ ಪ್ರಸ್ತಾಪವಿದೆ. ಅಂದು ಫಂಕ್ಷನ್ನಿನ ಹೆಸರು ‘ಎಫ್’ ಅಕ್ಷರದಿಂದ ಮುಗಿಯಬೇಕೆಂಬ ನಿಯಮವಿತ್ತು. ವರ್ಗಮೂಲಕ್ಕೆ ‘ಎಸ್‌ಕ್ಯೂಆರ್‌ಟಿಎಫ್’ ಎಂದು ಬರೆಯಬೇಕಾಗಿತ್ತು. ವಿಜ್ಞಾನಿಗಳಿಗೆ ಬೇಕಾದ ಲೆಕ್ಕಗಳಿಗೆ ಹೀಗೆ ಮೊದಲೇ ಏರ್ಪಾಡಾಯಿತು. ಕಚೇರಿಯ ಲೆಕ್ಕಗಳಿಗೆ ಮಾತ್ರ ಈ ಭಾಗ್ಯ ಬಹಳ ತಡವಾಗಿ ದೊರೆಯಿತು. 1959–60ರಲ್ಲಿ ರೂಪುಗೊಂಡು ಬ್ಯಾಂಕು, ವಿಮೆ, ಸಂಬಳದ ಪಟ್ಟಿ ಇವೆಲ್ಲವನ್ನೂ ದಶಕಗಳ ಕಾಲ ಹೊತ್ತುಕೊಂಡ ಕೋಬಾಲ್ ಭಾಷೆಯ ಮಾನಕದಲ್ಲಿ ಅಂತರ್ನಿರ್ಮಿತ ಫಂಕ್ಷನ್ನುಗಳ ಅಧ್ಯಾಯ ಸೇರಿದುದು 1989ರ ತಿದ್ದುಪಡಿಯಲ್ಲಿ. ಮೂವತ್ತು ವರ್ಷ ಕಾಲ ಕೋಬಾಲ್ ಬರೆಯುವವನು ಸರಾಸರಿ ಬೇಕಾದಾಗಲೆಲ್ಲ ಕಡತವನ್ನು ತೆರೆದು, ದಾಖಲೆಗಳನ್ನು ಒಂದೊಂದಾಗಿ ಓದಿ, ಒಂದು ಕಡೆ ಕೂಡಿಕೊಂಡು ಇನ್ನೊಂದು ಕಡೆ ಎಣಿಸಿಕೊಂಡು, ಕೊನೆಗೆ ಭಾಗಿಸುತ್ತಿದ್ದನು. ಇದು ಶ್ರಮದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಶ್ರಮದಲ್ಲಿ ಒಂದು ಗುಣವಿತ್ತು: ಯಾವ ದಾಖಲೆಯನ್ನು ಲೆಕ್ಕಕ್ಕೆ ಸೇರಿಸಿದೆ, ಯಾವುದನ್ನು ಬಿಟ್ಟೆ ಎಂಬುದು ಅವನ ಕೈಬರಹದಲ್ಲಿಯೇ ಇರುತ್ತಿತ್ತು. ಈ ಗುಣ ಮುಂದೆ ಹೇಗೆ ಮರೆಯಾಯಿತೆಂಬುದನ್ನು ಈಗ ನೋಡೋಣ.

ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದಾಗ, 1970ರ ಜೂನ್ ತಿಂಗಳಲ್ಲಿ ತಮ್ಮ ಪ್ರಸಿದ್ಧವಾದ ಪ್ರಬಂಧವನ್ನು ಪ್ರಕಟಿಸಿದರು. ದಾಖಲೆಗಳನ್ನೆಲ್ಲ ಕೋಷ್ಟಕಗಳ ರೂಪದಲ್ಲಿ ಭಾವಿಸಿ, ಒಂದೊಂದು ಕೋಷ್ಟಕವನ್ನೂ ಗಣಿತದ ಗಣವೆಂದು ಪರಿಗಣಿಸಬೇಕೆಂಬುದು ಅವರ ಸಿದ್ಧಾಂತ. ಗಣವೆಂದಮೇಲೆ ಅದರಲ್ಲಿ ಒಂದೇ ಅಂಶ ಎರಡು ಸಲ ಬರುವಂತಿಲ್ಲ. ಕೋಷ್ಟಕಗಳನ್ನು ಕೂಡಿಸುವ, ಬೇರ್ಪಡಿಸುವ, ಆಯ್ದುಕೊಳ್ಳುವ ಕ್ರಿಯೆಗಳನ್ನು ಅವರು ಸುಂದರವಾಗಿ ನಿರೂಪಿಸಿದರು. ಆದರೆ ಆ ಮೂಲ ಬೀಜಗಣಿತದಲ್ಲಿ ಒಂದು ಅಂಕಣದ ಮೊತ್ತವನ್ನು ಕೇಳುವ ದಾರಿ ಇರಲಿಲ್ಲ. ಮುಂದಿನ ವರ್ಷ ಅವರೇ ಸೂಚಿಸಿದ, ಎಂದೂ ಯಂತ್ರಕ್ಕೇರದ, ಆಲ್ಫಾ ಎಂಬ ಭಾಷೆಯಲ್ಲಿ ಎಣಿಕೆ, ಮೊತ್ತ, ಗರಿಷ್ಠ, ಕನಿಷ್ಠ, ಸರಾಸರಿ ಇವುಗಳನ್ನು ಗ್ರಂಥಾಲಯದ ಫಂಕ್ಷನ್ನುಗಳೆಂದು ಪ್ರತ್ಯೇಕವಾಗಿ ಸೇರಿಸಬೇಕಾಯಿತು. ತರ್ಕಶಾಸ್ತ್ರ ತಾನಾಗಿ ಕೊಡದಿದ್ದುದನ್ನು ಗುಮಾಸ್ತೆಯ ಅಗತ್ಯ ಕೇಳಿ ಪಡೆಯಿತು ಎನ್ನಬಹುದು.

1974ರ ಮೇ ತಿಂಗಳಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಐಬಿಎಂ ಸಂಶೋಧಕರಿಬ್ಬರು ಮಿಷಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ನಡೆದ ಗೋಷ್ಠಿಯೊಂದರಲ್ಲಿ ಸೀಕ್ವೆಲ್ ಭಾಷೆಯನ್ನು ವಿದ್ವಾಂಸರ ಮುಂದಿಟ್ಟರು. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಸೀಕ್ವೆಲ್ ಎಂಬ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ವ್ಯಾಪಾರ ಮುದ್ರೆಯಾಗಿದ್ದುದರಿಂದ ಮುಂದೆ ಅದು ಎಸ್‌ಕ್ಯೂಎಲ್ ಎಂದು ಮೊಟಕಾಯಿತು. ಈ ಭಾಷೆಯಲ್ಲಿ ಐದು ಅಂತರ್ನಿರ್ಮಿತ ಫಂಕ್ಷನ್ನುಗಳಿದ್ದುವು: ಕೌಂಟ್, ಸಮ್, ಆವ್ಗ್, ಮ್ಯಾಕ್ಸ್, ಮಿನ್, ಅಂದರೆ ಎಣಿಕೆ, ಮೊತ್ತ, ಸರಾಸರಿ, ಗರಿಷ್ಠ, ಕನಿಷ್ಠ. ನೋಡುವುದಕ್ಕೆ ನಿರುಪದ್ರವಿಗಳಾದ ಈ ಐದು ಸಾಧನಗಳೇ ಕಾಡ್ ಅವರ ಗಣಸಿದ್ಧಾಂತಕ್ಕೆ ಒಂದು ಪೆಟ್ಟು ಕೊಟ್ಟುವು. ಹೇಗೆಂದರೆ, ಒಂದು ವಿಭಾಗದಲ್ಲಿ ಮೂವರು ನೌಕರರಿದ್ದಾರೆಂದೂ, ಇಬ್ಬರ ಸಂಬಳ 30,000 ರೂಪಾಯಿ, ಮೂರನೆಯವನದು 60,000 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ನಿಜವಾದ ಸರಾಸರಿ 40,000. ಆದರೆ ಸಂಬಳಗಳ ಅಂಕಣವನ್ನು ಗಣವೆಂದು ಭಾವಿಸಿದರೆ 30,000 ಎಂಬ ಬೆಲೆ ಒಂದೇ ಸಲ ಉಳಿದು, ಸರಾಸರಿ 45,000 ಆಗುತ್ತದೆ. ಗಣಿತದ ಶುದ್ಧಿಯನ್ನು ಕಾಪಾಡಿದರೆ ಸಂಬಳದ ಲೆಕ್ಕ ತಪ್ಪುತ್ತದೆ. ಲೆಕ್ಕ ಸರಿಯಾಗಬೇಕಾದರೆ ಪುನರುಕ್ತಿಯನ್ನು ಸಹಿಸಬೇಕು. ಎಸ್‌ಕ್ಯೂಎಲ್ ಎರಡನೆಯ ದಾರಿಯನ್ನು ಹಿಡಿದು, ಬೇರೆ ಬೇರೆ ಬೆಲೆಗಳನ್ನು ಮಾತ್ರ ಎಣಿಸಬೇಕೆನ್ನುವವನು ಹಾಗೆಂದು ಬಾಯಿಬಿಟ್ಟು ಕೇಳಲಿ ಎಂದಿತು. ಅದೇ ಕಾಲದಲ್ಲಿ ಬರ್ಕಲಿಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ರೆಸ್ ಯೋಜನೆಗಾಗಿ ರಚಿತವಾದ ಕ್ವೆಲ್ ಭಾಷೆಯವರು ಇದಕ್ಕೆ ಎರಡು ಜೊತೆ ಹೆಸರುಗಳನ್ನೇ ಇಟ್ಟರು: ಪುನರುಕ್ತಿಯೊಡನೆ ಕೂಡಿಸುವುದಕ್ಕೆ ಸಮ್, ಅದನ್ನು ಬಿಟ್ಟು ಕೂಡಿಸುವುದಕ್ಕೆ ಸಮ್‌ಯು. ಈ ಏರ್ಪಾಡೇ ಹೆಚ್ಚು ಪ್ರಾಮಾಣಿಕವೆಂದು ನಮಗೆ ತೋರುತ್ತದೆ. ಆದರೆ ಕ್ವೆಲ್ ಸೋತಿತು, ಎಸ್‌ಕ್ಯೂಎಲ್ ಗೆದ್ದಿತು.

ಇದಕ್ಕಿಂತ ಗಹನವಾದ ಇನ್ನೊಂದು ತೀರ್ಪು ‘ನಲ್’ಗೆ ಸಂಬಂಧಿಸಿದ್ದು. ದಾಖಲೆಯಲ್ಲಿ ಒಂದು ಬೆಲೆ ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ನಲ್ ಎಂಬ ಗುರುತು ಇರುತ್ತದೆ. ಅದು ಸೊನ್ನೆಯಲ್ಲ. ಬರಿಯ ಕೂಡುವಿಕೆಯಲ್ಲಿ ನಲ್ ಬಂದರೆ ಉತ್ತರವೂ ನಲ್. ಗೊತ್ತಿಲ್ಲದುದಕ್ಕೆ ಹತ್ತು ಕೂಡಿದರೆ ಬರುವುದೂ ಗೊತ್ತಿಲ್ಲದುದೇ ಎಂಬುದು ನ್ಯಾಯವಾದ ಮಾತು. ಆದರೆ ಅಂತರ್ನಿರ್ಮಿತ ಫಂಕ್ಷನ್ನುಗಳು ಈ ನ್ಯಾಯವನ್ನು ಅನುಸರಿಸುವುದಿಲ್ಲ. ಅವು ನಲ್ ಇರುವ ಸಾಲುಗಳನ್ನು ಕೈಬಿಟ್ಟು ಉಳಿದುವುಗಳ ಮೇಲೆ ಲೆಕ್ಕ ಹಾಕುತ್ತವೆ. ಕೌಂಟ್ ಒಂದು ಮಾತ್ರ, ಅಂಕಣದ ಹೆಸರನ್ನು ಹೇಳದೆ ನಕ್ಷತ್ರ ಚಿಹ್ನೆಯನ್ನು ಹಾಕಿದಾಗ, ಎಲ್ಲ ಸಾಲುಗಳನ್ನೂ ಎಣಿಸುತ್ತದೆ.

ಇದರ ಪರಿಣಾಮವನ್ನು ನಮ್ಮ ಕಾಲೇಜುಗಳ ಅಂಕಪಟ್ಟಿಯಿಂದಲೇ ತಿಳಿಯಬಹುದು. ಐದು ಜನ ವಿದ್ಯಾರ್ಥಿಗಳಲ್ಲಿ ನಾಲ್ವರಿಗೆ 60, 50, 70, 40 ಅಂಕಗಳು ಬಂದಿವೆ; ಐದನೆಯವನು ಪರೀಕ್ಷೆಗೆ ಬರಲಿಲ್ಲ, ಅವನ ಅಂಕಣದಲ್ಲಿ ನಲ್ ಇದೆ. ಸರಾಸರಿಯ ಫಂಕ್ಷನ್ನನ್ನು ಕೇಳಿದರೆ ಅದು 220ನ್ನು 4ರಿಂದ ಭಾಗಿಸಿ 55 ಎನ್ನುತ್ತದೆ. ಮೊತ್ತವನ್ನು ಸಾಲುಗಳ ಎಣಿಕೆಯಿಂದ ನಾವೇ ಭಾಗಿಸಿದರೆ 44 ಬರುತ್ತದೆ. ಎರಡು ಉತ್ತರಗಳಿಗೂ ಅರ್ಥವುಂಟು: ಬರೆದವರ ಸಾಮರ್ಥ್ಯವನ್ನು ತಿಳಿಯಬೇಕೆನ್ನುವವರಿಗೆ ಮೊದಲನೆಯದು, ತರಗತಿಯ ಒಟ್ಟು ಸಾಧನೆಯನ್ನು ತಿಳಿಯಬೇಕೆನ್ನುವವರಿಗೆ ಎರಡನೆಯದು. ಹೋದ ಬಾರಿ 55 ಇದ್ದುದು ಈ ಬಾರಿ 44ಕ್ಕೆ ಇಳಿಯಿತೆಂದು ಯಾರಾದರೂ ವರದಿ ಬರೆದರೆ, ಇಳಿದುದು ವಿದ್ಯಾರ್ಥಿಗಳ ಮಟ್ಟವೋ, ಪ್ರಶ್ನೆ ಬರೆದ ಗುಮಾಸ್ತೆಯ ಬದಲಾವಣೆಯೋ ಎಂಬುದನ್ನು ಆ ಅಂಕಿಯಿಂದ ತಿಳಿಯುವುದು ಅಸಾಧ್ಯ. ಇಷ್ಟಕ್ಕೇ ಮುಗಿಯಲಿಲ್ಲ. ಒಬ್ಬನಿಗೆ ಲಿಖಿತ ಪರೀಕ್ಷೆಯಲ್ಲಿ 40, ಪ್ರಯೋಗದಲ್ಲಿ 20. ಇನ್ನೊಬ್ಬನಿಗೆ ಲಿಖಿತದಲ್ಲಿ 50, ಪ್ರಯೋಗಕ್ಕೆ ಅವನು ಬಂದಿಲ್ಲ. ಎರಡು ಅಂಕಣಗಳ ಮೊತ್ತಗಳನ್ನು ಬೇರೆ ಬೇರೆ ತೆಗೆದು ಕೂಡಿದರೆ 110. ಪ್ರತಿಯೊಬ್ಬನ ಅಂಕಗಳನ್ನು ಮೊದಲು ಕೂಡಿ ಆಮೇಲೆ ಒಟ್ಟು ಮಾಡಿದರೆ 60, ಏಕೆಂದರೆ ಎರಡನೆಯವನ 50 ನಲ್‌ನೊಡನೆ ಸೇರಿ ತಾನೂ ನಲ್ ಆಗಿ, ಆಮೇಲೆ ಬಿಟ್ಟುಹೋಯಿತು. ಕೂಡುವ ಕ್ರಮ ಬದಲಾದರೂ ಮೊತ್ತ ಬದಲಾಗದೆಂದು ಪ್ರಾಥಮಿಕ ಶಾಲೆಯಲ್ಲಿ ಕಲಿತ ಪಾಠ ಇಲ್ಲಿ ನಡೆಯುವುದಿಲ್ಲ. ಒಂದೂ ಸಾಲಿಲ್ಲದ ಕೋಷ್ಟಕದ ಎಣಿಕೆಯನ್ನು ಕೇಳಿದರೆ ಸೊನ್ನೆ ಎಂಬ ಉತ್ತರ ಬರುತ್ತದೆ. ಮೊತ್ತವನ್ನು ಕೇಳಿದರೆ ನಲ್ ಬರುತ್ತದೆ. ಖಾಲಿ ಚೀಲದಲ್ಲಿ ಎಷ್ಟು ದುಡ್ಡಿದೆ ಎಂದರೆ ಗೊತ್ತಿಲ್ಲ ಎಂದಂತಾಯಿತು.

ಈ ವಿಚಾರವಾಗಿ ವಿದ್ವಾಂಸರಲ್ಲಿ ತೀವ್ರವಾದ ಚರ್ಚೆ ನಡೆದಿದೆ. ಕ್ರಿಸ್ ಡೇಟ್ ಅವರು 1984ರಲ್ಲಿ ಎಸ್‌ಕ್ಯೂಎಲ್ ಭಾಷೆಯ ವಿಮರ್ಶೆಯೊಂದನ್ನು ಪ್ರಕಟಿಸಿ, ಈ ಫಂಕ್ಷನ್ನುಗಳ ವರ್ತನೆಯಲ್ಲಿ ಏಕರೂಪತೆಯಿಲ್ಲವೆಂದು ತೋರಿಸಿದರು. ಮುಂದೆ ಅವರು ನಲ್ ಎಂಬುದನ್ನೇ ತೆಗೆದುಹಾಕಬೇಕೆಂದು ವಾದಿಸಿದರು. ಕಾಡ್ ಅವರು ಇದಕ್ಕೆ ನೇರ ವಿರುದ್ಧವಾದ ದಿಕ್ಕಿಗೆ ಹೋಗಿ, 1990ರ ತಮ್ಮ ಗ್ರಂಥದಲ್ಲಿ ಒಂದು ಗುರುತು ಸಾಲದು, ಎರಡು ಬೇಕು ಎಂದರು: ಬೆಲೆ ಇದೆ ಆದರೆ ನಮಗೆ ಗೊತ್ತಿಲ್ಲ ಎಂಬುದಕ್ಕೊಂದು, ಇಲ್ಲಿ ಬೆಲೆಯ ಮಾತೇ ಸಲ್ಲದು ಎಂಬುದಕ್ಕೊಂದು. ತಾತ್ತ್ವಿಕವಾಗಿ ಕಾಡ್ ಅವರ ವಾದವೇ ನಮಗೆ ಹಿಡಿಸುತ್ತದೆ. ಪರೀಕ್ಷೆಗೆ ಬಾರದ ವಿದ್ಯಾರ್ಥಿಯೂ, ಆ ವಿಷಯವನ್ನೇ ಆರಿಸಿಕೊಳ್ಳದ ವಿದ್ಯಾರ್ಥಿಯೂ ಒಂದೇ ಅಲ್ಲವಷ್ಟೆ. ಆದರೆ ಒಂದು ಗುರುತನ್ನೇ ಸರಿಯಾಗಿ ಬಳಸಲಾರದ ಲೋಕ ಎರಡನ್ನು ಸ್ವೀಕರಿಸಲಿಲ್ಲ. 1992ರ ಮಾನಕ ಮಾಡಿದುದು ಇಷ್ಟು: ಫಂಕ್ಷನ್ ಹೀಗೆ ನಲ್ ಬೆಲೆಗಳನ್ನು ಕೈಬಿಟ್ಟಾಗ ಒಂದು ಎಚ್ಚರಿಕೆಯ ಸಂದೇಶವನ್ನು ಕೊಡಬೇಕೆಂದು ವಿಧಿಸಿತು. ಆ ಸಂದೇಶವನ್ನು ಓದುವವರು ಎಷ್ಟು ಜನ ಎಂಬುದನ್ನು ಅಧ್ಯಾಪಕರೇ ಬಲ್ಲರು.

ಮಾನಕಗಳ ಮಾತು ಬಂದುದರಿಂದ ಅವುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಅಮೆರಿಕದ ಮಾನಕ ಸಂಸ್ಥೆಯವರು 1986ರಲ್ಲಿ ಅಂಗೀಕರಿಸಿದ ಮೊದಲ ಎಸ್‌ಕ್ಯೂಎಲ್ ಮಾನಕದಲ್ಲಿ ಇದ್ದುವು ಮೇಲಿನ ಐದೇ ಫಂಕ್ಷನ್ನುಗಳು. ಪದವನ್ನು ಕತ್ತರಿಸಲು, ದಿನಾಂಕದಿಂದ ವರ್ಷವನ್ನು ಬೇರ್ಪಡಿಸಲು, ನಲ್‌ಗೆ ಬದಲಾಗಿ ಬೇರೊಂದು ಬೆಲೆಯನ್ನು ಇಡಲು ಅದರಲ್ಲಿ ಏನೂ ಇರಲಿಲ್ಲ. ಗಿರಾಕಿಗಳಿಗೆ ಅವು ಬೇಕಾಗಿದ್ದುವು. ಆದುದರಿಂದ ಮಾರುವವರು ತಮಗೆ ತೋರಿದ ಹೆಸರುಗಳಿಂದ ಅವುಗಳನ್ನು ತಾವೇ ಸೇರಿಸಿಕೊಂಡರು. ನಲ್‌ನ ಜಾಗದಲ್ಲಿ ಬೇರೆ ಬೆಲೆಯನ್ನು ಇಡುವ ಫಂಕ್ಷನ್ನಿಗೆ ಒರಾಕಲ್‌ನಲ್ಲಿ ಎನ್‌ವಿಎಲ್ ಎಂದೂ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಸ್‌ನಲ್ ಎಂದೂ, ಮೈಎಸ್‌ಕ್ಯೂಎಲ್‌ನಲ್ಲಿ ಇಫ್‌ನಲ್ ಎಂದೂ ಹೆಸರು. ಮೈಎಸ್‌ಕ್ಯೂಎಲ್‌ನಲ್ಲಿಯೂ ಇಸ್‌ನಲ್ ಎಂಬುದಿದೆ. ಆದರೆ ಅದು ಬೆಲೆಯನ್ನು ಬದಲಿಸದೆ, ನಲ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ. ಹೆಸರು ಒಂದೇ, ಅರ್ಥ ಬೇರೆ. ಒರಾಕಲ್‌ನಲ್ಲಿ ಇನ್ನೂ ಒಂದು ವಿಶೇಷವುಂಟು: ಅಲ್ಲಿ ಒಂದಕ್ಷರವೂ ಇಲ್ಲದ ಖಾಲಿ ಪದವೇ ನಲ್, ಅದರ ಉದ್ದವನ್ನು ಕೇಳಿದರೆ ಸೊನ್ನೆಯ ಬದಲು ನಲ್ ಬರುತ್ತದೆ. 1992ರ ಮಾನಕವು ಕೊಯಲೆಸ್, ನಲಿಫ್, ಕಾಸ್ಟ್, ಸಬ್‌ಸ್ಟ್ರಿಂಗ್, ಎಕ್ಸ್‌ಟ್ರಾಕ್ಟ್ ಮೊದಲಾದುವುಗಳನ್ನು ಒಟ್ಟಿಗೆ ಅಂಗೀಕರಿಸಿ ಈ ಅರಾಜಕತೆಯನ್ನು ತಡೆಯಲೆತ್ನಿಸಿತಾದರೂ, ಅಷ್ಟರಲ್ಲಿ ಹಳೆಯ ಹೆಸರುಗಳು ಲಕ್ಷಾಂತರ ಸಾಲುಗಳ ಕ್ರಮವಿಧಿಗಳಲ್ಲಿ ಬೇರೂರಿದ್ದುವು.

ಮಾನಕಕಾರರು ಅನುಭವದಿಂದ ಪಾಠ ಕಲಿಯಲಿಲ್ಲವೆಂದು ಇದರಿಂದ ತಿಳಿಯಬಾರದು. 2003ರ ಮಾನಕದಲ್ಲಿ ಸ್ಥಾನ ನಿರ್ಣಯದ ಫಂಕ್ಷನ್ನುಗಳು ಸೇರಿದುವು. ಇಬ್ಬರು ವಿದ್ಯಾರ್ಥಿಗಳು ಸಮನಾದ ಅಂಕಗಳಿಂದ ಮೊದಲಿಗರಾದರೆ ಅನಂತರದವನು ಎರಡನೆಯವನೋ ಮೂರನೆಯವನೋ ಎಂಬುದು ಪ್ರತಿ ವರ್ಷವೂ ನಮ್ಮಲ್ಲಿ ಏಳುವ ವಿವಾದ. ಇಲ್ಲಿ ಅವರು ತಾವೇ ತೀರ್ಪು ಕೊಡಲು ಹೋಗದೆ ಮೂರು ಹೆಸರುಗಳನ್ನು ಕೊಟ್ಟರು: ರ್‍ಯಾಂಕ್ ಎಂದರೆ 1, 1, 3; ಡೆನ್ಸ್ ರ್‍ಯಾಂಕ್ ಎಂದರೆ 1, 1, 2; ರೋ ನಂಬರ್ ಎಂದರೆ 1, 2, 3. ಮೂರರಲ್ಲಿ ಒಂದನ್ನು ಬರೆಯುವವನು ಆರಿಸಲೇಬೇಕು. ಆರಿಸಿದುದು ಕಾಗದದ ಮೇಲೆ ಕಾಣುತ್ತದೆ. ಸರಾಸರಿಗೂ ಇಂತಹ ಎರಡು ಹೆಸರುಗಳು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಇದುವರೆಗೆ ಹೇಳಿದುದು ದೊಡ್ಡ ಯಂತ್ರಗಳ ವಂಶ. ಸಣ್ಣ ಯಂತ್ರಗಳ ಕಡೆ ಇನ್ನೊಂದು ವಂಶ ಬೆಳೆಯಿತು. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ವೇಯ್ನ್ ರ್‍ಯಾಟ್ಲಿಫ್ ಎಂಬವರು, ಅಲ್ಲಿಯ ಒಂದು ಹಳೆಯ ವ್ಯವಸ್ಥೆಯನ್ನು ಮಾದರಿಯಾಗಿಟ್ಟುಕೊಂಡು, 1970ರ ದಶಕದ ಕೊನೆಯಲ್ಲಿ ವಲ್ಕನ್ ಎಂಬುದನ್ನು ರಚಿಸಿದರು. ಅದೇ ಡಿಬೇಸ್ 2 ಎಂಬ ಹೆಸರಿನಿಂದ 1980ರ ದಶಕದ ಆರಂಭದಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ದೇಶದ ಕಾಲೇಜುಗಳಲ್ಲಿ 1990ರ ದಶಕದಲ್ಲಿ ಓದಿದ ಬಹು ಮಂದಿಗೆ ದತ್ತಸಂಚಯದ ಮೊದಲ ಪರಿಚಯ ಈ ವಂಶದ ಡಿಬೇಸ್ 3 ಪ್ಲಸ್ ಮತ್ತು ಫಾಕ್ಸ್‌ಪ್ರೋಗಳಿಂದಲೇ ಆಯಿತು. ಡಿಬೇಸ್ 2ರಲ್ಲಿ ಕೆಲವು ಫಂಕ್ಷನ್ನುಗಳಿಗೆ ಹೆಸರುಗಳೇ ಇರಲಿಲ್ಲ, ಬರಿಯ ಚಿಹ್ನೆಗಳು. ಪದದ ತುಂಡನ್ನು ತೆಗೆಯುವುದಕ್ಕೆ ಡಾಲರ್ ಚಿಹ್ನೆ, ದೊಡ್ಡಕ್ಷರ ಮಾಡುವುದಕ್ಕೆ ಆಶ್ಚರ್ಯ ಚಿಹ್ನೆ, ಅಳಿಸಲು ಗುರುತುಮಾಡಿದ ದಾಖಲೆಗೆ ನಕ್ಷತ್ರ. 1984ರ ಡಿಬೇಸ್ 3ರಲ್ಲಿ ಇವೇ ಸಬ್‌ಸ್ಟರ್, ಅಪ್ಪರ್, ಡಿಲೀಟೆಡ್ ಎಂಬ ಹೆಸರುಗಳನ್ನು ಪಡೆದುವು. ಹೆಸರುಗಳಿಗಿಂತ ಮುಖ್ಯವಾದ ಭೇದ ಬೇರೆಯಿದೆ. ಡಿಬೇಸ್‌ನಲ್ಲಿ ಸದ್ಯದ ದಾಖಲೆಯ ಸಂಖ್ಯೆಯನ್ನು ಹೇಳುವ ರೆಕ್‌ನೋ, ಕಡತ ಮುಗಿಯಿತೇ ಎಂದು ಹೇಳುವ ಇಓಎಫ್ ಎಂಬ ಫಂಕ್ಷನ್ನುಗಳಿದ್ದುವು. ಕೋಬಾಲ್ ಗುಮಾಸ್ತೆಯಂತೆ ಇಲ್ಲಿಯೂ ಬಳಸುವವನು ದಾಖಲೆಗಳ ಮೇಲೆ ಬೆರಳಿಟ್ಟುಕೊಂಡು ಒಂದೊಂದಾಗಿ ಸಾಗುತ್ತಾನೆಂಬ ಭಾವನೆ ಇವುಗಳ ಹಿಂದಿದೆ. ಎಸ್‌ಕ್ಯೂಎಲ್‌ನ ಮೂಲ ಕಲ್ಪನೆಯಲ್ಲಿ ಅಂತಹ ಬೆರಳಿಗೆ ಎಡೆಯಿಲ್ಲ.

ಡಿಬೇಸ್ 2ರಲ್ಲಿ ದಿನಾಂಕವೆಂಬ ಪ್ರತ್ಯೇಕ ಜಾತಿಯ ಬೆಲೆ ಇರಲಿಲ್ಲ, 3ರಲ್ಲಿ ಬಂದಿತು. ಅದರೊಡನೆ, ದಿನಾಂಕವನ್ನು ಅಕ್ಷರಗಳಾಗಿ ಮಾಡುವ ಡಿಟಿಓಸಿ, ಅಕ್ಷರಗಳನ್ನು ದಿನಾಂಕವಾಗಿ ಮಾಡುವ ಸಿಟಿಓಡಿ ಎಂಬ ಜೋಡಿಯೂ ಬಂದಿತು. ಅಮೆರಿಕದ ಪದ್ಧತಿಯಂತೆ ಡಿಟಿಓಸಿ ತಿಂಗಳನ್ನು ಮೊದಲು ಬರೆಯುತ್ತಿತ್ತು. ಗಿರಾಕಿಯ ಹೆಸರಿಗೆ ದಿನಾಂಕವನ್ನು ಜೋಡಿಸಿ ಅನುಕ್ರಮಣಿಕೆ ಮಾಡಹೊರಟವರು ಈ ಫಂಕ್ಷನ್ನನ್ನು ಬಳಸಿದರೆ, 1984ರ ಜನವರಿಯ ದಾಖಲೆ 1983ರ ಡಿಸೆಂಬರಿನದಕ್ಕಿಂತ ಮುಂಚೆ ಬಂದು ಕುಳಿತುಕೊಳ್ಳುತ್ತಿತ್ತು, ಏಕೆಂದರೆ ಅಕ್ಷರಗಳಾಗಿ ನೋಡಿದಾಗ 01 ಎಂಬುದು 12ಕ್ಕಿಂತ ಮೊದಲು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವ ಡಿಟಿಓಎಸ್ ಎಂಬ ಫಂಕ್ಷನ್ ಡಿಬೇಸ್ 4ರಲ್ಲಿ ಸೇರಿದಮೇಲೆ ಈ ಕಷ್ಟ ಪರಿಹಾರವಾಯಿತು. ಎರಡು ದಿನಾಂಕಗಳ ಅಂತರದ ವಿಷಯದಲ್ಲಿ ಎಸ್‌ಕ್ಯೂಎಲ್ ವಂಶವೂ ದೋಷಮುಕ್ತವಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್ ಫಂಕ್ಷನ್ನಿಗೆ 2023ರ ಡಿಸೆಂಬರ್ 31ನ್ನೂ 2024ರ ಜನವರಿ 1ನ್ನೂ ಕೊಟ್ಟು ಎಷ್ಟು ವರ್ಷಗಳೆಂದು ಕೇಳಿದರೆ ಒಂದು ಎನ್ನುತ್ತದೆ. ಅದು ಎಣಿಸುವುದು ಕಳೆದ ಕಾಲವನ್ನಲ್ಲ, ದಾಟಿದ ಗಡಿಗಳನ್ನು. ಇದನ್ನು ತಿಳಿಯದೆ ವಯಸ್ಸನ್ನು ಲೆಕ್ಕಹಾಕಿದರೆ ಡಿಸೆಂಬರಿನಲ್ಲಿ ಹುಟ್ಟಿದವರೆಲ್ಲರೂ ಜನವರಿ 1ಕ್ಕೇ ಒಂದು ವರ್ಷ ದೊಡ್ಡವರಾಗಿರುತ್ತಾರೆ.

ಇನ್ನು ನಮಗೆ ಅತ್ಯಂತ ನಿಕಟವಾದ ವಿಷಯಕ್ಕೆ ಬರುತ್ತೇವೆ. ಮೇಲೆ ಹೇಳಿದ ಎರಡು ವಂಶಗಳಲ್ಲಿಯೂ ಪದದ ಉದ್ದವನ್ನು ಅಳೆಯುವ ಫಂಕ್ಷನ್ ಇದೆ. ರೋಮನ್ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಸಂಕೇತ, ಒಂದು ಸಂಕೇತಕ್ಕೆ ಒಂದು ಬೈಟ್. ಆದುದರಿಂದ ಉದ್ದವೆಂದರೆ ಯಾವುದರ ಎಣಿಕೆ ಎಂಬ ಪ್ರಶ್ನೆಯೇ ಈ ಭಾಷೆಗಳ ಮೊದಲ ಕರ್ತೃಗಳಿಗೆ ಏಳಬೇಕಾಗಿರಲಿಲ್ಲ. ಕನ್ನಡಕ್ಕೆ ಬಂದಾಗ ಆ ಪ್ರಶ್ನೆ ಏಳುತ್ತದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ಬಾಯಲೆಕ್ಕದಲ್ಲಿ ಇದಕ್ಕೆ ಮೂರು ಅಕ್ಷರಗಳು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಪದ್ಧತಿಯ ಪ್ರಕಾರ ಇದರಲ್ಲಿ ಐದು ಸಂಕೇತಗಳಿವೆ: ಕ, ನ, ವಿರಾಮದ ಚಿಹ್ನೆ, ನ, ಡ. ಇವನ್ನು 1992ರಲ್ಲಿ ರೂಪಿತವಾದ ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಿಟ್ಟರೆ ಒಂದೊಂದು ಸಂಕೇತಕ್ಕೆ ಮೂರು ಬೈಟ್‌ಗಳಂತೆ ಹದಿನೈದು ಬೈಟ್‌ಗಳಾಗುತ್ತವೆ. ಈಗ ಲೆಂಗ್ತ್ ಎಂಬ ಫಂಕ್ಷನ್ನನ್ನು ಕೇಳಿದರೆ ಪೋಸ್ಟ್‌ಗ್ರೆಸ್ 5 ಎನ್ನುತ್ತದೆ, ಮೈಎಸ್‌ಕ್ಯೂಎಲ್ 15 ಎನ್ನುತ್ತದೆ. 1992ರ ಮಾನಕ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದೆಯೆಂಬುದು ನಿಜ. ಮೂರು ಎನ್ನುವ ಫಂಕ್ಷನ್ ಮಾತ್ರ ಅದರಲ್ಲಿಲ್ಲ.

ಇದು ವಿದ್ವಾಂಸರ ವಿನೋದವೆಂದು ಭಾವಿಸುವವರು ಒಂದು ಹೆಸರನ್ನು ದಾಖಲೆಗೆ ಸೇರಿಸಿ ನೋಡಲಿ. ‘ವೆಂಕಟಸುಬ್ಬಯ್ಯ’ ಎಂಬ ಹೆಸರು ರೋಮನ್ ಲಿಪಿಯಲ್ಲಿ ಹದಿನೈದು ಅಕ್ಷರಗಳು, ಹದಿನೈದು ಬೈಟ್‌ಗಳು. ಕನ್ನಡದಲ್ಲಿ ಅದು ಹದಿಮೂರು ಸಂಕೇತಗಳು, ಮೂವತ್ತೊಂಬತ್ತು ಬೈಟ್‌ಗಳು. ಅಗಲವನ್ನು ಬೈಟ್‌ಗಳಲ್ಲಿ ಅಳೆಯುವ ವ್ಯವಸ್ಥೆಯಲ್ಲಿ ಹೆಸರಿಗೆ 30ರ ಅಂಕಣವನ್ನು ಇಟ್ಟಿದ್ದರೆ, ರೋಮನ್ ವೆಂಕಟಸುಬ್ಬಯ್ಯನವರಿಗೆ ಅರ್ಧ ಜಾಗ ಉಳಿಯುತ್ತದೆ, ಕನ್ನಡದ ವೆಂಕಟಸುಬ್ಬಯ್ಯನವರಿಗೆ ಪ್ರವೇಶವೇ ಇಲ್ಲ. ಪದವನ್ನು ಹಿಂದುಮುಂದಾಗಿಸುವ ಫಂಕ್ಷನ್ನಿಗೆ ‘ಕವಿ’ ಎಂದು ಕೊಟ್ಟರೆ, ಇಕಾರದ ಗುಡಿಸು ಯಾವ ಅಕ್ಷರಕ್ಕೂ ಅಂಟದೆ ಮೊದಲಲ್ಲಿ ನೇತಾಡುತ್ತದೆ. ಮೊದಲ ಅಕ್ಷರವನ್ನು ಕತ್ತರಿಸಿ ಕೊಡೆಂದರೆ ‘ಕೃಷ್ಣ’, ‘ಕಮಲ’, ‘ಕ್ಷಮಾ’ ಮೂರಕ್ಕೂ ‘ಕ’ ಎಂದೇ ಉತ್ತರ. ಇದು ಫಂಕ್ಷನ್ನಿನ ಅಜ್ಞಾನವಾದರೂ, ಕಕಾರದ ಶೀರ್ಷಿಕೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಜೋಡಿಸುವ ಗ್ರಂಥಪಾಲಕರಿಗೆ ಅಕಸ್ಮಾತ್ತಾಗಿ ಅನುಕೂಲವೇ ಆಗುತ್ತದೆ ಎಂದು ಒಪ್ಪಿಕೊಳ್ಳಬೇಕು.

ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚೆ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಚ್ಚುಮೊಳೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂಡಿಸಲಾಗಿತ್ತು. ಆ ಕ್ರಮದಲ್ಲಿ ‘ಕನ್ನಡ’ ಎಂಬುದು ಏಳು ಸಂಕೇತಗಳು; ‘ಡ’ಕಾರದ ಮೈ ಸಣ್ಣ ಕ್ಯೂ ಅಕ್ಷರದ ಜಾಗದಲ್ಲಿ, ‘ಕಿ’ ಎಂಬುದು ದೊಡ್ಡ ಕ್ಯೂ ಅಕ್ಷರದ ಜಾಗದಲ್ಲಿ. ಇಂತಹ ದಾಖಲೆಗಳ ಮೇಲೆ ಅಪ್ಪರ್ ಎಂಬ ದೊಡ್ಡಕ್ಷರ ಮಾಡುವ ಫಂಕ್ಷನ್ನನ್ನು ಓಡಿಸಿದರೆ ಏನಾಗುತ್ತದೆಂಬುದನ್ನು ಓದುಗರು ಊಹಿಸಬಹುದು. ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಎಣಿಸದಿರುವುದು ಹಲವು ವ್ಯವಸ್ಥೆಗಳ ರೂಢಿ. ಅಲ್ಲಿ ಈ ಎರಡು ಕನ್ನಡ ಅಕ್ಷರಗಳು ಒಂದೇ ಎಂದಾಗಿ, ಬೇರೆ ಬೇರೆ ಹೆಸರುಗಳು ಒಂದಾಗಿ ಸೇರಿಬಿಡುವ ಅಪಾಯವಿತ್ತು. ಯೂನಿಕೋಡಿನ ಕನ್ನಡಕ್ಕೆ ಈ ಅಪಾಯವಿಲ್ಲ. ಅಲ್ಲಿ ಅಪ್ಪರ್ ಏನನ್ನೂ ಮಾಡದೆ ಪದವನ್ನು ಇದ್ದಂತೆಯೇ ಹಿಂದಕ್ಕೆ ಕೊಡುತ್ತದೆ. ಆದರೆ ಅಲ್ಲಿಯೂ ಬೇರೊಂದು ತೊಡಕುಂಟು. ‘ಕೋ’ ಎಂಬುದನ್ನು ಎರಡು ಸಂಕೇತಗಳಿಂದ ಬರೆಯಬಹುದು. ಓಕಾರವನ್ನು ಅದರ ಅವಯವಗಳಾಗಿ ಬಿಡಿಸಿ ನಾಲ್ಕರಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಇವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ ಅಂತರ್ನಿರ್ಮಿತವಾದುದು 2020ರ 13ನೆಯ ಆವೃತ್ತಿಯಲ್ಲಿ.

ಹಾಗಾದರೆ ಅಕ್ಷರಗಳನ್ನು ನಮ್ಮಂತೆ ಎಣಿಸುವ ಫಂಕ್ಷನ್ ಅಸಾಧ್ಯವೆ? ಸಂಕೇತಗಳನ್ನು ಓದುಗನ ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳಾಗಿ ಸೇರಿಸುವ ನಿಯಮಗಳನ್ನು ಯೂನಿಕೋಡ್ ಮಂಡಲಿಯವರೇ ಮಾಡಿದ್ದಾರೆ. ಆ ಹಳೆಯ ನಿಯಮದಂತೆ ‘ಕನ್ನಡ’ ಎಂಬುದರಲ್ಲಿ ಕ, ನ್, ನ, ಡ ಎಂದು ನಾಲ್ಕು ಗುಂಪುಗಳು; ಒತ್ತಕ್ಷರ ಅರ್ಧಕ್ಕೆ ಸೀಳಿಹೋಗುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಸೀಳದಿರುವ ಹೊಸ ನಿಯಮವೊಂದನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿದರು; ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೀಗೆ ಒಂದೇ ಪದಕ್ಕೆ 15, 7, 5, 4, 3 ಎಂಬ ಐದು ಉದ್ದಗಳು ದೊರೆತಂತಾಯಿತು.

ಭಾಷೆಯಲ್ಲಿ ಇಲ್ಲದ ಫಂಕ್ಷನ್ನನ್ನು ಬಳಸುವವನೇ ಬರೆದು ಸೇರಿಸಿಕೊಳ್ಳುವ ಸೌಕರ್ಯ ಈಗ ಎಲ್ಲೆಡೆಯೂ ಉಂಟು. ಬರ್ಕಲಿಯಲ್ಲಿ 1986ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯ ಮುಖ್ಯ ಗುರಿಗಳಲ್ಲಿ ಅದೂ ಒಂದು. ಎಸ್‌ಕ್ಯೂಎಲ್ ಮಾನಕದಲ್ಲಿಯೂ 1996ರಿಂದ ಅದಕ್ಕೆ ಸ್ಥಾನವಿದೆ. ವಿರಾಮ ಚಿಹ್ನೆಯ ಹಿಂದುಮುಂದಿನ ವ್ಯಂಜನಗಳನ್ನು ಒಂದಾಗಿ ಹಿಡಿದು, ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಅದಕ್ಕೆ ಸೇರಿಸಿ ಎಣಿಸುವ ಫಂಕ್ಷನ್ನನ್ನು ಒಬ್ಬ ಸಮರ್ಥ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಬರೆಯಬಲ್ಲನು. ‘ಶಾಸ್ತ್ರ’ ಎಂಬುದರ ಏಳು ಸಂಕೇತಗಳನ್ನು ಅದು ಎರಡು ಎಂದು ಸರಿಯಾಗಿ ಎಣಿಸುತ್ತದೆ. ‘ಕರ್ನಾಟಕ’ಕ್ಕೆ ನಾಲ್ಕು ಎನ್ನುತ್ತದೆ. ಆದರೆ ‘ಬಸ್’ ಎಂದು ಕೊಟ್ಟೊಡನೆ ಅವನು ಪೆನ್ನನ್ನು ಕೆಳಗಿಡಬೇಕಾಗುತ್ತದೆ. ಅಚ್ಚುಕೂಟದವರನ್ನು ಕೇಳಿದರೆ ಇದು ಎರಡು ಅಕ್ಷರ, ಎರಡು ಮೊಳೆಗಳ ಜಾಗ. ಛಂದಸ್ಸನ್ನು ಬಲ್ಲವರನ್ನು ಕೇಳಿದರೆ ಸಕಾರಕ್ಕೆ ಸ್ವರವಿಲ್ಲ, ಅದು ಹಿಂದಿನ ಅಕ್ಷರಕ್ಕೇ ಸೇರಿತು, ಒಂದು ಗುರು ಅಷ್ಟೆ. ಇಬ್ಬರೂ ಕನ್ನಡದವರೇ, ಇಬ್ಬರದೂ ರೂಢಿಯೇ. ಫಂಕ್ಷನ್ನಿಗೆ ಒಂದು ಹೆಸರಿಡುವುದೋ ಎರಡಿಡುವುದೋ ಎಂಬುದನ್ನು ಅದನ್ನು ಬರೆಯುವವನು ಆಗಲೇ ತೀರ್ಮಾನಿಸಬೇಕು.